ಮಕ್ಕಳ ನಡವಳಿಕೆಗೆ ಬೆಂಬಲ: ಶಾಲೆಯ ಸಿಬ್ಬಂದಿಯೆಲ್ಲ ಒಂದೇ ರೀತಿ ನಡೆಸಿಕೊಂಡು ಹೋಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಮಾಲೋಚನಾ ಸಭೆಗಳಲ್ಲಿ, ತರಬೇತಿಯ ನಡುವೆ ಚಹಾ ಕುಡಿಯುವಾಗ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಶಿಕ್ಷಕರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಹೆಚ್ಚಿನವು ನಮ್ಮ ಸರ್ಕಾರಿ ಮತ್ತು ಅನುದಾನಿತ ಹಿರಿಯ ಪ್ರಾಥಮಿಕ ಶಾಲೆಗಳಿಂದ ಬಂದಿವೆ. ಹೈಸ್ಕೂಲಿಗೂ ಖಾಸಗಿ ಶಾಲೆಗೂ ಬಹುಪಾಲು ಹೊಂದುತ್ತವೆ. ನಾನು ಮುಖ್ಯ ಶಿಕ್ಷಕಿಯಾಗಿ ಕೆಲಸ ಮಾಡಿದವಳು. ಆ ಕುರ್ಚಿಯಲ್ಲಿ ಕೂತವರಿಗೆ ಏನು ಕೈಗೂಡುತ್ತದೆ, ಏನು ಕೈಗೂಡುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ.

ನಡವಳಿಕೆ ಬೆಂಬಲ ಅಂದರೆ ಏನು? ಶಿಸ್ತು ಅಂತ ನಮ್ಮಲ್ಲಿ ಮೊದಲಿನಿಂದ ಇದೆಯಲ್ವಾ?

ಶಿಸ್ತು ಅಂದ ಕೂಡಲೇ ಮಗು ತಪ್ಪು ಮಾಡಿದ ಮೇಲೆ ಏನು ಮಾಡಬೇಕು ಎಂಬ ಯೋಚನೆ ಬರುತ್ತದೆ. ನಡವಳಿಕೆ ಬೆಂಬಲ ಅದಕ್ಕೂ ಮುಂಚೆ ಶುರುವಾಗುತ್ತದೆ. ಕಾಗುಣಿತ ಕಲಿಸುವ ಹಾಗೆ ನಡವಳಿಕೆಯನ್ನೂ ಕಲಿಸಬೇಕು ಅನ್ನುವುದು ಇದರ ಬುಡ. ಮಗು ಒತ್ತಕ್ಷರ ತಪ್ಪು ಬರೆದರೆ ಮತ್ತೆ ಬರೆದು ತೋರಿಸುತ್ತೇವೆ. ನಲ್ಲಿಯ ಹತ್ತಿರ ತಳ್ಳಾಡಿದರೆ ಬೈಯುತ್ತೇವೆ. ಸಾಲಿನಲ್ಲಿ ನಿಂತು ತಟ್ಟೆ ತೊಳೆಯುವುದು ಹೇಗೆ ಅಂತ ಜೂನ್ ತಿಂಗಳಲ್ಲಿ ಯಾರಾದರೂ ಒಮ್ಮೆ ನಿಂತು ತೋರಿಸಿಕೊಟ್ಟಿದ್ದರಾ?

ಇದನ್ನು ಇಡೀ ಶಾಲೆಯ ಮಟ್ಟದಲ್ಲಿ ಮಾಡುವ ಒಂದು ಚೌಕಟ್ಟು ಅಮೆರಿಕದಲ್ಲಿ 1990ರ ದಶಕದಲ್ಲಿ ಬೆಳೆಯಿತು. ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸುಗಾಯ್ ಮತ್ತು ರಾಬ್ ಹಾರ್ನರ್ ಅದರ ಹಿಂದಿದ್ದವರಲ್ಲಿ ಮುಖ್ಯರು. ಅದನ್ನು ಪಿಬಿಐಎಸ್ (ಪಾಸಿಟಿವ್ ಬಿಹೇವಿಯರಲ್ ಇಂಟರ್ವೆನ್ಷನ್ಸ್ ಅಂಡ್ ಸಪೋರ್ಟ್ಸ್) ಅಂತ ಕರೆಯುತ್ತಾರೆ. ಇಂದು ಅಲ್ಲಿ 25,000ಕ್ಕೂ ಹೆಚ್ಚು ಶಾಲೆಗಳು ಅದನ್ನು ಅನುಸರಿಸುತ್ತಿವೆ. ಎಲ್ಲ ಮಕ್ಕಳಿಗೂ ಒಂದು ಹಂತ, ಸ್ವಲ್ಪ ಜಾಸ್ತಿ ಸಹಾಯ ಬೇಕಾದವರಿಗೆ ಎರಡನೇ ಹಂತ, ತೀರಾ ಕಷ್ಟದಲ್ಲಿರುವ ಕೆಲವೇ ಮಕ್ಕಳಿಗೆ ಮೂರನೇ ಹಂತ. ನಮ್ಮ ಕಡೆ ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಶಿಕ್ಷಣವನ್ನು ಶಿಕ್ಷಕರ ಕೈಯಲ್ಲೇ ಮಾಡಿಸಿದ ಅನುಭವ ಇದೆ. ಹೆಸರು ಯಾವುದೇ ಇರಲಿ, ಕೊನೆಗೆ ಅದು ನಿಂತಿರುವುದು ದಿನಾ ಮಕ್ಕಳ ಎದುರು ಇರುವ ದೊಡ್ಡವರ ಮೇಲೆ.

ಎಲ್ಲರೂ ಒಂದೇ ರೀತಿ ಯಾಕೆ ಇರಬೇಕು? ಒಬ್ಬೊಬ್ಬ ಶಿಕ್ಷಕರದ್ದು ಒಂದೊಂದು ಶೈಲಿ ಅಲ್ವಾ?

ಪಾಠ ಮಾಡುವ ಶೈಲಿ ಬೇರೆ ಬೇರೆ ಇರಲಿ, ಇರಲೇಬೇಕು. ಒಬ್ಬರು ಹಾಡಿ ಕಲಿಸುತ್ತಾರೆ, ಒಬ್ಬರು ಕತೆ ಹೇಳುತ್ತಾರೆ. ಆದರೆ ಏನು ಮಾಡಿದರೆ ಸರಿ, ಏನು ಮಾಡಿದರೆ ತಪ್ಪು ಅನ್ನುವುದು ಪೀರಿಯಡ್ ಬೆಲ್ ಹೊಡೆದಾಗಲೆಲ್ಲ ಬದಲಾಗಬಾರದು.

ಆರನೇ ತರಗತಿಯ ಒಬ್ಬ ಹುಡುಗನ ಜಾಗದಲ್ಲಿ ನಿಂತು ನೋಡಿ. ಗಣಿತದ ಸರ್ ತರಗತಿಯಲ್ಲಿ ಕೈ ಎತ್ತದೆ ಉತ್ತರ ಹೇಳಿದರೆ ಬೆನ್ನು ತಟ್ಟುತ್ತಾರೆ. ಸಮಾಜ ವಿಜ್ಞಾನದ ಮೇಡಂ ಅದಕ್ಕೇ ಹೊರಗೆ ನಿಲ್ಲಿಸುತ್ತಾರೆ. ಪಿಟಿ ಸರ್ ಬೆಳಿಗ್ಗೆ ತಮಾಷೆಯಾಗಿ ಇರುತ್ತಾರೆ, ಮಧ್ಯಾಹ್ನ ಅದೇ ಮಾತಿಗೆ ಬಸ್ಕಿ ಹೊಡೆಸುತ್ತಾರೆ. ಈ ಹುಡುಗ ಕಲಿಯುವುದು ನಿಯಮವನ್ನಲ್ಲ, ದೊಡ್ಡವರ ಮುಖ ಓದುವುದನ್ನು. ಚುರುಕಾದ ಮಕ್ಕಳು ಅದನ್ನು ಬೇಗ ಕಲಿತುಬಿಡುತ್ತಾರೆ. ಮನೆಯಲ್ಲೂ ಯಾವಾಗ ಪೆಟ್ಟು ಬೀಳುತ್ತದೋ ಗೊತ್ತಿಲ್ಲದೆ ಬೆಳೆದ ಮಗು ಮಾತ್ರ ಇನ್ನಷ್ಟು ಹೆದರಿ ಮುದುಡುತ್ತದೆ, ಇಲ್ಲವೇ ತಿರುಗಿ ಬೀಳುತ್ತದೆ. ಆ ಮಗುವಿಗೆ ಶಾಲೆಯಲ್ಲಾದರೂ ನಾಳೆ ಏನಾಗುತ್ತದೆ ಅಂತ ಗೊತ್ತಿರಬೇಕು.

ಎಷ್ಟು ನಿಯಮ ಇಟ್ಟುಕೊಳ್ಳಬೇಕು?

ಮೂರು. ಜಾಸ್ತಿ ಅಂದರೆ ಐದು. ‘ಮಾಡಬೇಡ’ ಅಂತ ಬರೆಯದೆ ‘ಮಾಡು’ ಅಂತ ಬರೆಯಿರಿ. ‘ಓಡಬೇಡಿ’ ಬದಲು ‘ಜಗಲಿಯಲ್ಲಿ ನಡೆದು ಹೋಗೋಣ’. ಆಮೇಲೆ ಆ ಮೂರು ಮಾತು ಪ್ರಾರ್ಥನೆಯಲ್ಲಿ, ಹಾಲು ಕುಡಿಯುವಾಗ, ಬಿಸಿಯೂಟದಲ್ಲಿ, ಶೌಚಾಲಯದ ಹತ್ತಿರ, ಆಟದ ಬಯಲಿನಲ್ಲಿ ಹೇಗೆ ಕಾಣುತ್ತವೆ ಅಂತ ಎಲ್ಲ ಸಿಬ್ಬಂದಿ ಕೂತು ಮಾತಾಡಿ. ಬರೆದ ಹಾಳೆಗಿಂತ ಈ ಮಾತುಕತೆ ಮುಖ್ಯ. ‘ಗೌರವ ಕೊಡೋಣ’ ಅಂದರೆ ಒಬ್ಬರಿಗೆ ಎದ್ದು ನಿಲ್ಲುವುದು, ಇನ್ನೊಬ್ಬರಿಗೆ ನಡುವೆ ಬಾಯಿ ಹಾಕದಿರುವುದು ಅಂತ ಅಲ್ಲೇ ಗೊತ್ತಾಗುತ್ತದೆ.

ನಿಯಮ ಬರೆದು ಗೋಡೆಗೆ ತೂಗು ಹಾಕಿದರೆ ಸಾಲದು. 1968ರಲ್ಲಿ ಅಮೆರಿಕದ ಮ್ಯಾಡ್ಸನ್, ಬೆಕರ್, ಥಾಮಸ್ ಅನ್ನುವವರು ಇದನ್ನೇ ತರಗತಿಯಲ್ಲಿ ಪರೀಕ್ಷೆ ಮಾಡಿ ನೋಡಿದರು. ಬರೀ ನಿಯಮ ಹೇಳಿದಾಗ ಮಕ್ಕಳಲ್ಲಿ ಹೆಚ್ಚೇನೂ ಬದಲಾವಣೆ ಕಾಣಲಿಲ್ಲ. ಸಣ್ಣಪುಟ್ಟ ತಂಟೆಗೆ ಗಮನ ಕೊಡದೆ, ಸರಿಯಾಗಿ ನಡೆದುಕೊಂಡಾಗ ಮೆಚ್ಚಿ ಹೇಳಲು ಶುರು ಮಾಡಿದ ಮೇಲೆ ಬದಲಾವಣೆ ಕಂಡಿತು.

ತರಬೇತಿ ಆಯಿತು, ಕಿಟ್ ಬಂತು, ಫೋಟೊ ಕೂಡ ಕಳಿಸಿದೆವು. ಶಾಲೆಯಲ್ಲಿ ಏನೂ ಬದಲಾಗಲಿಲ್ಲ. ಯಾಕೆ?

ಈ ಪ್ರಶ್ನೆಯನ್ನು ಬೇಸರದಿಂದ ಕೇಳುವವರೇ ಜಾಸ್ತಿ. ಅವರ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮ ತರಬೇತಿ ಹೇಗೆ ಇಳಿದು ಬರುತ್ತದೆ ನೋಡಿ. ರಾಜ್ಯ ಮಟ್ಟದಲ್ಲಿ ಕೆಲವರು ಐದು ದಿನ ಕಲಿಯುತ್ತಾರೆ. ಅವರು ಡಯಟ್‌ನಲ್ಲಿ, ಅಂದರೆ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಲ್ಲಿ, ಮೂರು ದಿನ ಹೇಳುತ್ತಾರೆ. ಅಲ್ಲಿಂದ ತಾಲ್ಲೂಕಿಗೆ ಬರುವಾಗ ಎರಡು ದಿನ, ಕ್ಲಸ್ಟರಿಗೆ ಬರುವಾಗ ಒಂದು ಮಧ್ಯಾಹ್ನ. ಪ್ರತಿ ಮೆಟ್ಟಿಲಿನಲ್ಲೂ ಮೊದಲು ಬಿಟ್ಟುಹೋಗುವುದು ಅಭ್ಯಾಸ. ಕೊನೆಗೆ ಶಿಕ್ಷಕರಿಗೆ ತಲುಪುವುದು ಸ್ಲೈಡು ಮತ್ತು ಸುತ್ತೋಲೆ. ಮೇಲಿನವರು ಮಾಡಿ ನೋಡಿದ್ದನ್ನು ಕೆಳಗಿನವರು ಕೇಳಿ ಮಾತ್ರ ಬಂದಿರುತ್ತಾರೆ.

ಶಿಕ್ಷಕರ ತರಬೇತಿಯ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಹೇಳಿದ್ದು ಇದನ್ನೇ. ವಿಷಯ ವಿವರಿಸಿ, ಮಾಡಿ ತೋರಿಸಿ, ಅಲ್ಲೇ ಅಭ್ಯಾಸ ಮಾಡಿಸಿದರೂ ತಮ್ಮ ತರಗತಿಗೆ ಹೋಗಿ ಅದನ್ನು ಬಳಸುವವರು ಬೆರಳೆಣಿಕೆಯಷ್ಟು ಜನ. ತರಗತಿಗೇ ಬಂದು ಪಕ್ಕದಲ್ಲಿದ್ದು ತಿದ್ದಿ ಹೇಳುವ ಒಬ್ಬರು ಸಿಕ್ಕರೆ ಹೆಚ್ಚುಕಮ್ಮಿ ಎಲ್ಲರೂ ಬಳಸುತ್ತಾರೆ.

ನಮ್ಮ ಶಾಲೆಯಲ್ಲಿ ಆದದ್ದನ್ನು ಹೇಳುತ್ತೇನೆ. ಮೊದಲ ವರ್ಷ ನಾನೇ ಎರಡು ಗಂಟೆ ಸಭೆ ಮಾಡಿ ಚೆನ್ನಾಗಿ ವಿವರಿಸಿದೆ. ಎಲ್ಲರೂ ತಲೆ ಆಡಿಸಿದರು, ಕೆಲವರು ಬರೆದುಕೊಂಡರು. ಹದಿನೈದು ದಿನ ಬಿಟ್ಟು ನಾಲ್ಕನೇ ತರಗತಿಯ ಕಿಟಕಿಯ ಹತ್ತಿರ ನಿಂತು ಕೇಳಿದೆ. ಬೆಲ್ ಹೊಡೆದ ಹತ್ತು ನಿಮಿಷದಲ್ಲಿ ಟೀಚರ್ ‘ಸುಮ್ನೆ ಕೂತ್ಕೊಳ್ಳಿ’ ಅಂತ ಹದಿನೇಳು ಸಲ ಹೇಳಿದರು. ಒಂದು ಮಗುವಿಗೂ ‘ಚೆನ್ನಾಗಿ ಕೂತಿದ್ದೀಯ’ ಅನ್ನಲಿಲ್ಲ. ಆ ಟೀಚರ್ ಮಕ್ಕಳನ್ನು ತುಂಬಾ ಪ್ರೀತಿಸುವವರು. ನನ್ನ ಮೇಲೆ ವಿಶ್ವಾಸ ಇಟ್ಟವರು. ಮನಸ್ಸಿಲ್ಲದೆ ಹಾಗೆ ಮಾಡಿದ್ದಲ್ಲ. ಬಾಯಿಗೆ ಬಂದದ್ದು ಹಳೆಯ ರೂಢಿ, ಹೊಸ ಮಾತು ಇನ್ನೂ ರೂಢಿಯಾಗಿರಲಿಲ್ಲ. ಅದನ್ನು ರೂಢಿ ಮಾಡಿಸುವ ಕೆಲಸ ನನ್ನದಾಗಿತ್ತು. ನಾನು ಅದನ್ನು ಮಾಡಿರಲಿಲ್ಲ.

‘ಕೂತ್ಕೊಳ್ಳಿ’ ಮಾತಿನ ಬಗ್ಗೆ ಇನ್ನೊಂದು ವಿಷಯ. ಅದೇ 1968ರಲ್ಲಿ ಮ್ಯಾಡ್ಸನ್ ಮತ್ತು ಸಂಗಡಿಗರು ಇನ್ನೊಂದು ಅಧ್ಯಯನ ಮಾಡಿದರು. ಟೀಚರ್ ‘ಕೂತ್ಕೊಳ್ಳಿ’ ಅಂತ ಹೇಳುವುದು ಜಾಸ್ತಿಯಾದಷ್ಟೂ ಎದ್ದು ನಿಲ್ಲುವ ಮಕ್ಕಳು ಜಾಸ್ತಿಯಾದರು. ಕೂತು ಕೆಲಸ ಮಾಡುವವರನ್ನು ಮೆಚ್ಚಿದಾಗ ಎದ್ದು ನಿಲ್ಲುವುದು ಕಮ್ಮಿಯಾಯಿತು. ತರಬೇತಿಗಳಲ್ಲಿ ಇದನ್ನು ಹೇಳಿದಾಗಲೆಲ್ಲ ಕೋಣೆ ಒಂದು ಕ್ಷಣ ಸ್ತಬ್ಧವಾಗುತ್ತದೆ. ಎಲ್ಲರಿಗೂ ತಮ್ಮ ತಮ್ಮ ತರಗತಿ ನೆನಪಾಗುತ್ತದೆ.

ಹಾಗಾದರೆ ತರಬೇತಿ ಹೇಗಿರಬೇಕು?

ಸಣ್ಣದಾಗಿರಲಿ, ಪದೇ ಪದೇ ಇರಲಿ, ಬಾಯಿ ಬಿಟ್ಟು ಅಭ್ಯಾಸ ಮಾಡುವ ಹಾಗಿರಲಿ. ವರ್ಷಕ್ಕೊಂದು ಇಡೀ ದಿನಕ್ಕಿಂತ ವಾರಕ್ಕೆ ಇಪ್ಪತ್ತು ನಿಮಿಷ ಮೇಲು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾವು ಮಾಡುತ್ತಿದ್ದೆವು.

ಒಂದು ವಾರಕ್ಕೆ ಒಂದೇ ವಿಷಯ. ಮೊದಲ ವಾರ ಮೆಚ್ಚಿ ಹೇಳುವುದು. ‘ಗುಡ್’, ‘ಶಾಭಾಷ್’ ಅಂದರೆ ಸಾಕಾಗುವುದಿಲ್ಲ. ಮಗು ಏನು ಮಾಡಿತು ಅಂತ ಹೆಸರಿಸಬೇಕು: ‘ಪುಟ್ಟಾ, ಪಕ್ಕದವಳಿಗೆ ರಬ್ಬರ್ ಕೊಟ್ಟೆಯಲ್ಲ, ತುಂಬಾ ಒಳ್ಳೆಯದು ಮಾಡಿದೆ.’ ಇದನ್ನು ಓದುವುದು ಸುಲಭ. ಮೂವತ್ತು ವರ್ಷ ಬೇರೆ ರೀತಿ ಮಾತಾಡಿದವರಿಗೆ ಹೇಳುವುದು ಕಷ್ಟ, ಮೊದಮೊದಲು ನಾಚಿಕೆಯಾಗುತ್ತದೆ. ಅದಕ್ಕೇ ಸ್ಟಾಫ್ ರೂಮಿನಲ್ಲಿ ಒಬ್ಬರು ಮಗುವಾಗಿ, ಒಬ್ಬರು ಶಿಕ್ಷಕರಾಗಿ ನಿಂತು ಹೇಳಿ ನೋಡಬೇಕು. ಒಂದೇ ಸಲ ಮಾಡಿದರೆ ಸಾಲದು. ಐದಾರು ಸಲ ಆದ ಮೇಲೆ ನಾಲಿಗೆ ಹೊರಳುತ್ತದೆ.

ಎರಡನೇ ವಾರ ತಿದ್ದುವುದು. ದೂರದಿಂದ ಕೂಗದೆ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, ಒಂದೇ ವಾಕ್ಯದಲ್ಲಿ ಏನು ಮಾಡಬೇಕು ಅಂತ ಹೇಳಿ, ಅಲ್ಲಿಂದ ಸರಿದು ಮಗುವಿಗೆ ಸ್ವಲ್ಪ ಸಮಯ ಕೊಡುವುದು. ‘ಸರಿದು’ ಅನ್ನುವ ಭಾಗವನ್ನೇ ಎಲ್ಲರೂ ಮರೆಯುತ್ತಾರೆ. ತಲೆಯ ಮೇಲೆ ನಿಂತು ಕಾಯ್ದರೆ ಎಂಟನೇ ತರಗತಿಯ ಹುಡುಗ ಗೆಳೆಯರ ಎದುರು ಬಗ್ಗಲು ಆಗದೆ ಹಟ ಹಿಡಿಯುತ್ತಾನೆ.

ಮೂರನೇ ವಾರ ಗೊಂದಲದ ಸಮಯಗಳು: ಬೆಲ್ ಹೊಡೆದಾಗ, ಊಟದ ಸಾಲು, ಶಿಕ್ಷಕರು ರಜೆ ಇದ್ದು ಎರಡು ತರಗತಿ ಒಟ್ಟಿಗೆ ಕೂಡಿಸಿದಾಗ. ಹೀಗೆ ಸಾಗಲಿ.

ಶನಿವಾರ ಕಲಿತದ್ದನ್ನು ಮುಂದಿನ ವಾರದಲ್ಲಿ ಯಾರಾದರೂ ಹತ್ತು ನಿಮಿಷ ಬಂದು ನೋಡಬೇಕು. ಮುಖ್ಯ ಶಿಕ್ಷಕರೇ ಆಗಬೇಕಿಲ್ಲ. ಇಬ್ಬಿಬ್ಬರು ಜೊತೆಯಾಗಿ ಒಬ್ಬರ ತರಗತಿಗೆ ಇನ್ನೊಬ್ಬರು ಹೋಗಿ ಕೂರಬಹುದು. ನೋಡಿದವರು ಮೊದಲು ಚೆನ್ನಾಗಿ ಕಂಡದ್ದನ್ನು ಹೇಳಲಿ, ಆಮೇಲೆ ಬದಲಿಸಬಹುದಾದ ಒಂದು ವಿಷಯ. ಒಂದಕ್ಕಿಂತ ಹೆಚ್ಚು ಬೇಡ. ಅದೇ ದಿನ ಹೇಳಿ, ಮರುದಿನಕ್ಕೆ ಇಡಬೇಡಿ.

ಯಾರಿಗೆಲ್ಲ ತರಬೇತಿ ಬೇಕು? ಶಿಕ್ಷಕರಿಗೆ ಮಾತ್ರ ಸಾಕಾ?

ಸಾಕಾಗುವುದಿಲ್ಲ. ಜಗಳಗಳು ಎಲ್ಲಿ ನಡೆಯುತ್ತವೆ ಅಂತ ಒಂದು ತಿಂಗಳು ಬರೆದಿಡಿ. ತರಗತಿಯ ಒಳಗಿಗಿಂತ ಹೊರಗೆ ಜಾಸ್ತಿ ನಡೆಯುವುದು ಎದ್ದು ಕಾಣುತ್ತದೆ. ಊಟದ ಸಾಲು, ನಲ್ಲಿ, ಶೌಚಾಲಯದ ಹಿಂಭಾಗ, ಶಾಲೆ ಬಿಟ್ಟ ಮೇಲಿನ ಗೇಟು. ಅಲ್ಲಿ ಇರುವವರು ಬಿಸಿಯೂಟದ ಅಕ್ಕಂದಿರು, ಡಿ ಗ್ರೂಪ್ ನೌಕರರು, ಖಾಸಗಿ ಶಾಲೆಯಾದರೆ ಆಯಾ ಮತ್ತು ವ್ಯಾನ್ ಡ್ರೈವರ್.

ನಮ್ಮ ಶಾಲೆಯ ಅಡುಗೆಯ ಅಕ್ಕನಿಗೆ ಪ್ರತಿ ಮಗುವಿನ ಹೆಸರೂ ಗೊತ್ತಿತ್ತು. ಯಾರು ಎರಡನೇ ಸಲ ಅನ್ನ ಕೇಳುತ್ತಾರೆ, ಯಾರು ಇದ್ದಕ್ಕಿದ್ದ ಹಾಗೆ ಊಟ ಬಿಟ್ಟಿದ್ದಾರೆ, ಯಾರನ್ನು ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ ಎಂಬುದು ನನಗಿಂತ ಅವರಿಗೆ ಮೊದಲು ತಿಳಿಯುತ್ತಿತ್ತು. ಅವರನ್ನು ಸಭೆಗೆ ಕರೆಯಲು ನಾನು ಎರಡು ವರ್ಷ ತೆಗೆದುಕೊಂಡೆ ಅನ್ನುವುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕರೆಯುವಾಗ ಅವರ ಸಮಯ ನೋಡಿ. ಪಾತ್ರೆ ತೊಳೆದು ಮುಗಿದ ಮೇಲಿನ ಹದಿನೈದು ನಿಮಿಷ ಸಾಕು. ಕುರ್ಚಿ ಕೊಟ್ಟು ಕೂರಿಸಿ. ಹಾಳೆ ಕೊಡುವ ಬದಲು ಬಾಯಲ್ಲಿ ಹೇಳಿ, ಮಾಡಿ ತೋರಿಸಿ. ಅವರು ನೋಡಿದ್ದನ್ನೂ ಕೇಳಿಸಿಕೊಳ್ಳಿ.

ಅತಿಥಿ ಶಿಕ್ಷಕರು ವರ್ಷ ವರ್ಷ ಬದಲಾಗುತ್ತಾರೆ. ವರ್ಗಾವಣೆಯೂ ಇದೆ. ಎಷ್ಟು ಸಲ ಕಲಿಸುವುದು?

ಬಂದವರಿಗೆಲ್ಲ ಕಲಿಸಬೇಕು, ಬೇರೆ ದಾರಿ ಇಲ್ಲ. ಆದರೆ ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕಿಲ್ಲ. ಎರಡು ಪುಟದ ಕೈಬರಹದ ಟಿಪ್ಪಣಿ ಇಟ್ಟುಕೊಳ್ಳಿ: ನಮ್ಮ ಮೂರು ನಿಯಮ, ಮೆಚ್ಚುವುದು ಹೇಗೆ, ತಿದ್ದುವುದು ಹೇಗೆ, ಯಾವುದನ್ನು ತರಗತಿಯಲ್ಲೇ ಮುಗಿಸಬೇಕು, ಯಾವುದನ್ನು ಮುಖ್ಯ ಶಿಕ್ಷಕರಿಗೆ ತಿಳಿಸಬೇಕು. ಹೊಸಬರನ್ನು ಮೊದಲ ಎರಡು ದಿನ ಅನುಭವ ಇರುವವರ ತರಗತಿಯಲ್ಲಿ ಒಂದೊಂದು ಪೀರಿಯಡ್ ಕೂರಿಸಿ.

ಜವಾಬ್ದಾರಿ ಒಬ್ಬರ ತಲೆಯ ಮೇಲೆ ಬೇಡ. ಆಸಕ್ತಿ ಇರುವ ಒಬ್ಬರೇ ಎಲ್ಲ ಮಾಡಿ, ಅವರಿಗೆ ವರ್ಗಾವಣೆಯಾದ ಮರುತಿಂಗಳು ಎಲ್ಲ ನಿಂತುಹೋದ ಶಾಲೆಗಳನ್ನು ನೋಡಿದ್ದೇನೆ. ಮೂವರ ತಂಡ ಇರಲಿ. ಅದರಲ್ಲಿ ಒಬ್ಬರು ಅದೇ ಊರಿನವರಾದರೆ ಇನ್ನೂ ಒಳ್ಳೆಯದು.

ಬೆತ್ತ ಇಲ್ಲದೆ ಇದೆಲ್ಲ ಆಗುತ್ತದಾ?

ಮೊದಲು ಕಾನೂನು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ತಪ್ಪಿದವರ ಮೇಲೆ ಸೇವಾ ನಿಯಮದ ಪ್ರಕಾರ ಕ್ರಮ ಆಗುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಬಸ್ಕಿ, ಮಂಡಿಯೂರಿಸುವುದು, ಕಿವಿ ಹಿಂಡುವುದು, ಜಾತಿ ಅಥವಾ ಅಪ್ಪನ ಕೆಲಸ ಹಿಡಿದು ಹಂಗಿಸುವುದು, ಎಲ್ಲವೂ ಇದರೊಳಗೆ ಬರುತ್ತವೆ. ಕೊನೆಯದು ಬೆತ್ತಕ್ಕಿಂತ ಆಳಕ್ಕೆ ಇಳಿಯುತ್ತದೆ ಅಂತ ನನ್ನ ಅನುಭವ.

ಆದರೆ ‘ಹೊಡೆಯಬಾರದು’ ಅಂತ ಹೇಳಿ ಕೈತೊಳೆದುಕೊಂಡರೆ ಶಿಕ್ಷಕರಿಗೆ ಅನ್ಯಾಯ ಮಾಡಿದ ಹಾಗೆ. ಒಂದು ಕೋಣೆಯಲ್ಲಿ ನಲವತ್ತು ಮಕ್ಕಳನ್ನು ಇಟ್ಟುಕೊಂಡವರ ಕೈಯಿಂದ ಬೆತ್ತ ತೆಗೆದುಕೊಂಡ ಮೇಲೆ ಬೇರೆ ಏನಾದರೂ ಕೈಗೆ ಕೊಡಬೇಕಲ್ಲ? ಈ ತರಬೇತಿ ಅದಕ್ಕೇ ಇರುವುದು. ಹೊಡೆಯುವುದನ್ನು ಬಿಟ್ಟ ಎಷ್ಟೋ ಮಂದಿ ನನಗೆ ಹೇಳಿದ್ದು ಒಂದೇ ಮಾತು: ಸಂಜೆ ಮನೆಗೆ ಹೋಗುವಾಗ ಗಂಟಲು ನೋಯುವುದಿಲ್ಲ, ಮನಸ್ಸೂ ಹಗುರವಾಗಿರುತ್ತದೆ.

ಇಷ್ಟು ಹೊಗಳಿದರೆ ಮಕ್ಕಳು ತಲೆಯ ಮೇಲೆ ಹತ್ತಲ್ವಾ? ಬಹುಮಾನ ಕೊಟ್ಟರೆ ಆಸೆ ಹುಟ್ಟಲ್ವಾ?

ಸುಳ್ಳು ಹೊಗಳಿಕೆ ಕೊಟ್ಟರೆ ಹತ್ತುತ್ತಾರೆ. ನಿಜವಾಗಿ ಮಾಡಿದ್ದನ್ನು ಗಮನಿಸಿ ಹೇಳಿದರೆ ಹತ್ತುವುದಿಲ್ಲ. ಒಂದು ಸಲ ತಿದ್ದಿದರೆ ನಾಲ್ಕು ಸಲವಾದರೂ ಒಳ್ಳೆಯದನ್ನು ಗುರುತಿಸಿ ಹೇಳಿ ಅನ್ನುವುದು ರೂಢಿಯ ಲೆಕ್ಕ. ನಮ್ಮ ತರಗತಿಗಳಲ್ಲಿ ಈ ಲೆಕ್ಕ ಸಾಮಾನ್ಯವಾಗಿ ತಿರುಗಮುರುಗ ಇರುತ್ತದೆ.

ಬಹುಮಾನಕ್ಕೆ ದುಡ್ಡು ಬೇಕಿಲ್ಲ. 1969ರಲ್ಲಿ ಅಮೆರಿಕದ ಕ್ಯಾನ್ಸಸ್‌ನ ಒಂದು ನಾಲ್ಕನೇ ತರಗತಿಯಲ್ಲಿ ಶುರುವಾದ ‘ಗುಡ್ ಬಿಹೇವಿಯರ್ ಗೇಮ್’ ಇದಕ್ಕೆ ಒಳ್ಳೆಯ ಉದಾಹರಣೆ. ತರಗತಿಯನ್ನು ತಂಡಗಳಾಗಿ ಮಾಡುವುದು, ನಿಯಮ ತಪ್ಪಿದ ತಂಡಕ್ಕೆ ಹಲಗೆಯ ಮೇಲೆ ಒಂದು ಗೆರೆ ಎಳೆಯುವುದು, ಗೆರೆ ಮಿತಿಯೊಳಗಿದ್ದ ತಂಡಗಳೆಲ್ಲ ಗೆದ್ದ ಹಾಗೆ. ಎಲ್ಲ ತಂಡವೂ ಗೆಲ್ಲಬಹುದು ಅನ್ನುವುದು ಇದರ ಸೊಗಸು. ಬಾಲ್ಟಿಮೋರ್‌ನಲ್ಲಿ 1980ರ ದಶಕದಲ್ಲಿ ಒಂದನೇ ತರಗತಿಯಲ್ಲಿ ಈ ಆಟ ಆಡಿದ ಮಕ್ಕಳನ್ನು ಸಂಶೋಧಕರು ಇಪ್ಪತ್ತರ ಹರೆಯದವರೆಗೆ ಗಮನಿಸಿದರು. ಚಿಕ್ಕಂದಿನಲ್ಲಿ ತುಂಬಾ ಒರಟಾಗಿದ್ದ ಗಂಡುಮಕ್ಕಳು ಮುಂದೆ ಮಾದಕ ವಸ್ತುಗಳಿಗೆ ಬೀಳುವುದು ಕಮ್ಮಿಯಾಗಿತ್ತು. ನಮ್ಮಲ್ಲಿ ಗೆದ್ದ ತಂಡಕ್ಕೆ ಐದು ನಿಮಿಷ ಮುಂಚೆ ಆಟಕ್ಕೆ ಬಿಡುವುದು, ಒಂದು ಕತೆ ಓದುವುದು, ಒಂದು ಹಾಡು ಸಾಕು. ಒಂದು ಎಚ್ಚರ: ಗೆರೆ ಬೀಳಿಸಿದ ಮಗುವಿನ ಹೆಸರು ಎತ್ತಿ ಹಂಗಿಸಲು ಬಿಡಬೇಡಿ. ಆಟವೇ ಕೆಡುತ್ತದೆ.

ಹಿರಿಯ ಶಿಕ್ಷಕರೊಬ್ಬರು ಒಪ್ಪುತ್ತಿಲ್ಲ. ‘ನಾವು ಪೆಟ್ಟು ತಿಂದೇ ಕಲಿತದ್ದು’ ಅನ್ನುತ್ತಾರೆ.

ಅವರ ಜೊತೆ ವಾದಕ್ಕೆ ಇಳಿಯಬೇಡಿ. ಅವರಿಗೆ ಮಕ್ಕಳ ಬಗ್ಗೆ ಕಾಳಜಿ ಇಲ್ಲ ಅಂತಲೂ ತಿಳಿಯಬೇಡಿ. ಅವರಿಗೆ ಕಾಡುವ ಒಂದು ಸಣ್ಣ ತೊಂದರೆ ಹುಡುಕಿ. ನಮ್ಮಲ್ಲೊಬ್ಬ ಮೇಷ್ಟ್ರಿಗೆ ಊಟದ ನಂತರದ ಪೀರಿಯಡ್ ಶುರುವಾಗಲು ಹದಿನೈದು ನಿಮಿಷ ಹಿಡಿಯುತ್ತಿತ್ತು. ಎರಡು ವಾರ ಬಾಗಿಲಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಒಳಗೆ ಕರೆಯಿರಿ, ಹಲಗೆಯ ಮೇಲೆ ಮೊದಲೇ ಒಂದು ಲೆಕ್ಕ ಬರೆದಿಡಿ ಅಂತ ಕೇಳಿಕೊಂಡೆ. ಬೇರೆ ಏನೂ ಕೇಳಲಿಲ್ಲ. ಹದಿನೈದು ನಿಮಿಷ ನಾಲ್ಕಕ್ಕೆ ಇಳಿಯಿತು. ಆಮೇಲೆ ಅವರೇ ಬಂದು ಮುಂದೇನು ಮೇಡಂ ಅಂತ ಕೇಳಿದರು.

ಹೊಡೆತದ ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ. ಅಲ್ಲಿ ಒಪ್ಪಿಗೆಯ ಪ್ರಶ್ನೆ ಬರುವುದಿಲ್ಲ.

ಎಲ್ಲರೂ ಒಂದೇ ರೀತಿ ಮಾಡುತ್ತಿದ್ದಾರೆ ಅಂತ ತಿಳಿಯುವುದು ಹೇಗೆ?

ಮಕ್ಕಳನ್ನು ಕೇಳಿ. ಬೇರೆ ಬೇರೆ ತರಗತಿಯ ಹತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಮಾತಾಡಿಸಿ: ನಮ್ಮ ಶಾಲೆಯ ನಿಯಮ ಯಾವುವು? ಈ ವಾರ ಯಾರಾದರೂ ನಿನ್ನನ್ನು ಮೆಚ್ಚಿ ಮಾತಾಡಿದರಾ? ಯಾವುದಕ್ಕೆ? ಸಿಬ್ಬಂದಿಗೂ ಇದೇ ತರಹದ ಪ್ರಶ್ನೆ. ಉತ್ತರಗಳು ಹೊಂದಿಕೆಯಾಗದಿದ್ದರೆ ಕೆಲಸ ಇನ್ನೂ ಬಾಕಿ ಇದೆ.

ಪಿಬಿಐಎಸ್‌ನವರು ಇದಕ್ಕೆ ಅಂಕಪಟ್ಟಿಯನ್ನೇ ಮಾಡಿಕೊಂಡಿದ್ದಾರೆ. ಶೇಕಡ 70 ಬಂದರೆ ಕಾರ್ಯಕ್ರಮ ನಿಜವಾಗಿ ನಡೆಯುತ್ತಿದೆ ಅಂತ ಲೆಕ್ಕ. ನಮಗೆ ಅಷ್ಟು ದೊಡ್ಡ ಪಟ್ಟಿ ಬೇಕಿಲ್ಲ. ಒಂದು ನೋಟ್ ಬುಕ್ಕಿನಲ್ಲಿ ಘಟನೆ ಎಲ್ಲಿ ಆಯಿತು, ಎಷ್ಟು ಹೊತ್ತಿಗೆ, ಏನಾಯಿತು, ನಾವು ಏನು ಮಾಡಿದೆವು ಅಂತ ಬರೆಯಿರಿ. ತಿಂಗಳಿಗೊಮ್ಮೆ ಎಲ್ಲರೂ ಕೂತು ನೋಡಿ. ಆ ಬುಕ್ಕನ್ನು ಯಾರ ಮೇಲೂ ದೂರು ಹೇಳಲು ಬಳಸಬೇಡಿ. ಒಮ್ಮೆ ಬಳಸಿದರೆ ಮರುದಿನದಿಂದ ಯಾರೂ ನಿಜ ಬರೆಯುವುದಿಲ್ಲ.

ಇಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಮಾತಿದೆ. ‘ಈ ಮಗುವಿನ ಮೇಲೆ ಏನೂ ನಡೆಯಲ್ಲ’ ಅಂತ ತೀರ್ಮಾನಿಸುವ ಮುಂಚೆ, ನಾವು ಮಾಡುತ್ತೇವೆ ಅಂತ ಒಪ್ಪಿಕೊಂಡದ್ದನ್ನು ಎಷ್ಟು ದಿನ, ಎಷ್ಟು ಜನ ನಿಜವಾಗಿ ಮಾಡಿದೆವು ಅಂತ ನೋಡಿಕೊಳ್ಳಬೇಕು. ವಾರದಲ್ಲಿ ಎರಡು ದಿನ ಮಾಡಿ ನಾಲ್ಕು ದಿನ ಬಿಟ್ಟಿದ್ದರೆ ಮಗುವನ್ನು ಅಳೆಯಲು ನಮ್ಮ ಬಳಿ ಅಳತೆಯೇ ಇಲ್ಲ.

ಎಲ್ಲ ಸರಿಯಾಗಿ ಮಾಡಿದರೂ ಇಬ್ಬರು ಮೂವರು ಮಕ್ಕಳು ಬದಲಾಗುತ್ತಿಲ್ಲ. ಏನು ಮಾಡೋಣ?

ಅಂಥ ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ‘ಬೆಳಿಗ್ಗೆ ಭೇಟಿ, ಸಂಜೆ ಭೇಟಿ’ ಅನ್ನುವ ಸರಳ ಕ್ರಮ ಇದೆ. ಇದೂ ಒರೆಗಾನ್ ಕಡೆಯಿಂದ ಬಂದದ್ದು. ಮಗು ಬೆಳಿಗ್ಗೆ ತನಗೆ ಇಷ್ಟವಾದ ಒಬ್ಬ ದೊಡ್ಡವರ ಹತ್ತಿರ ಹೋಗುತ್ತದೆ. ಎರಡು ನಿಮಿಷ ಮಾತು, ಕೈಗೊಂದು ಚಿಕ್ಕ ಕಾರ್ಡು. ಪ್ರತಿ ಪೀರಿಯಡ್ ಮುಗಿದಾಗ ಆ ಶಿಕ್ಷಕರು ಅಂಕ ಹಾಕಿ ಒಂದು ಮಾತು ಹೇಳುತ್ತಾರೆ. ಸಂಜೆ ಅದೇ ದೊಡ್ಡವರ ಬಳಿ ಹೋಗಿ ಒಟ್ಟು ನೋಡುವುದು, ಮನೆಗೆ ತೋರಿಸಿ ಸಹಿ ಹಾಕಿಸುವುದು. ಶೇಕಡ 80 ಅಂಕ ಸಾಮಾನ್ಯ ಗುರಿ. ತೀರಾ ಕಷ್ಟದಲ್ಲಿರುವ ಮಗುವಿಗೆ ಕಮ್ಮಿಯಿಂದ ಶುರು ಮಾಡಿ.

ಇಲ್ಲೂ ಎಡವುವುದು ದೊಡ್ಡವರೇ. ಕಾರ್ಡು ಮರೆಯುವುದು, ಸಂಜೆ ಮೀಟಿಂಗ್ ಅಂತ ಭೇಟಿ ತಪ್ಪಿಸುವುದು, ಸಿಟ್ಟಿನಲ್ಲಿ ಇಡೀ ದಿನದ ಅಂಕ ಅಳಿಸಿಬಿಡುವುದು. ಗಳಿಸಿದ ಅಂಕ ಯಾವ ಕಾರಣಕ್ಕೂ ಕಿತ್ತುಕೊಳ್ಳಬೇಡಿ. ಮನೆಯಲ್ಲಿ ಕಾರ್ಡು ನೋಡಿ ಹೊಡೆಯುತ್ತಾರೆ ಅಂತ ಅನುಮಾನ ಬಂದರೆ ಕಾರ್ಡನ್ನು ಮನೆಗೆ ಕಳಿಸಬೇಡಿ.

ಆಟಿಸಂ ಅಥವಾ ಕಲಿಕೆಯ ತೊಂದರೆ ಇರುವ ಮಗುವಿಗೂ ಅದೇ ನಿಯಮವಾ?

ನಿಯಮ ಅದೇ, ತಲುಪಲು ಕೊಡುವ ಸಹಾಯ ಬೇರೆ. ಒಂದೇ ರೀತಿ ಅಂದರೆ ಪ್ರತಿ ಮಗುವಿಗೂ ಅಷ್ಟೇ ಅಳತೆ ಅಂತ ತಿಳಿಯಬಾರದು. ಗದ್ದಲ ತಡೆಯಲಾಗದೆ ಕಿವಿ ಮುಚ್ಚಿಕೊಂಡು ಕಿರುಚುವ ಮಗು ಅವಿಧೇಯ ಮಗುವಲ್ಲ. ಅದಕ್ಕೆ ಪ್ರಾರ್ಥನೆಯಲ್ಲಿ ಸಾಲಿನ ಕೊನೆಯಲ್ಲಿ ಜಾಗ ಬೇಕು, ಬೆಲ್‌ಗೆ ಮುಂಚೆ ಒಂದು ಸೂಚನೆ ಬೇಕು. ಈ ಏರ್ಪಾಡನ್ನು ಸಿಬ್ಬಂದಿಯೆಲ್ಲ ತಿಳಿದು ಒಂದೇ ರೀತಿ ನಡೆಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ತೊಂದರೆಗಳೂ ಇವೆ. ಬ್ಲಾಕಿನ ಬಿಐಇಆರ್‌ಟಿಗಳನ್ನು (ಇಂಥ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು) ಕರೆಸಿ ಮಾತಾಡಿ.

ಶಿಕ್ಷಕರಿಗೆ ಮೊದಲೇ ಕೈತುಂಬ ಕೆಲಸ. ಇದನ್ನು ಬೇರೆಯವರಿಗೆ ಒಪ್ಪಿಸಬಾರದಾ?

ನ್ಯಾಯವಾದ ಪ್ರಶ್ನೆ. ನಮ್ಮ ದೇಶದಲ್ಲೇ ನಡೆದ ಒಂದು ದೊಡ್ಡ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಬಿಹಾರದ ನಳಂದ ಜಿಲ್ಲೆಯ ಸುಮಾರು 75 ಹೈಸ್ಕೂಲುಗಳಲ್ಲಿ ‘ಸೆಹರ್’ ಅನ್ನುವ ಕಾರ್ಯಕ್ರಮ ನಡೆಯಿತು. ಮಾನಸಿಕ ಆರೋಗ್ಯದ ಕೆಲಸ ಮಾಡುವ ಸಂಗಾತ್ ಸಂಸ್ಥೆಯವರು ನಡೆಸಿದ್ದು. ಶಾಲೆಯ ವಾತಾವರಣ ಸುಧಾರಿಸುವುದು, ಮಕ್ಕಳು ಮಕ್ಕಳನ್ನು ಪೀಡಿಸುವುದನ್ನು ಕಮ್ಮಿ ಮಾಡುವುದು ಅದರ ಉದ್ದೇಶ. ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ನೇಮಿಸಿ ತರಬೇತಿ ಕೊಟ್ಟ ಸಾಮಾನ್ಯ ಜನ ನಡೆಸಿದರು. ಕೆಲವು ಶಾಲೆಗಳಲ್ಲಿ ಅದೇ ಶಾಲೆಯ ಶಿಕ್ಷಕರು ನಡೆಸಿದರು. ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇದೊಂದೇ ಕೆಲಸಕ್ಕೆ ಇದ್ದವರು ನಡೆಸಿದ ಕಡೆ ವಾತಾವರಣ ಸುಧಾರಿಸಿತ್ತು, ಪೀಡನೆ, ಹಿಂಸೆ, ಖಿನ್ನತೆಯ ಲಕ್ಷಣ ಕಮ್ಮಿಯಾಗಿದ್ದವು. ಶಿಕ್ಷಕರು ನಡೆಸಿದ ಕಡೆ ಬದಲಾವಣೆ ಕಾಣಲಿಲ್ಲ.

ಇದನ್ನು ಹಿಡಿದು ಶಿಕ್ಷಕರಿಗೆ ಆಗದು ಅಂತ ಕೆಲವರು ಹೇಳುತ್ತಾರೆ. ನಾನು ಹಾಗೆ ಓದುವುದಿಲ್ಲ. ಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಎಂಟ್ರಿ, ಇವುಗಳ ಮೇಲೆ ಇನ್ನೊಂದನ್ನು ಹೇರಿದರೆ ಯಾರಿಂದಲೂ ಆಗದು. ಇದಕ್ಕೆ ಸಮಯ ಮೀಸಲಿಡಬೇಕು, ಆಮೇಲೂ ಪಕ್ಕದಲ್ಲಿ ನಿಂತು ಸಹಾಯ ಮಾಡಬೇಕು. ಶಾಲೆಗೊಬ್ಬ ಆಪ್ತ ಸಮಾಲೋಚಕರು ಸಿಕ್ಕರೆ ಖಂಡಿತ ಬೇಕು. ಅದಕ್ಕಾಗಿ ಎಲ್ಲರೂ ಒತ್ತಾಯ ಮಾಡಬೇಕು. ಆದರೆ ದಿನದ ಆರು ಗಂಟೆ ಮಗುವಿನ ಎದುರು ಇರುವವರು ಶಿಕ್ಷಕರೇ ಅಲ್ವಾ? ಮಗುವಿನೊಂದಿಗೆ ಮಾತಾಡುವ ರೀತಿಯನ್ನು ಹೊರಗಿನವರಿಗೆ ಗುತ್ತಿಗೆ ಕೊಡಲು ಬರುವುದಿಲ್ಲ.

ನಮ್ಮದು ಇಬ್ಬರೇ ಶಿಕ್ಷಕರಿರುವ ಶಾಲೆ.

ಹಾಗಾದರೆ ನಿಮ್ಮ ಕೆಲಸ ಸುಲಭ. ಇಬ್ಬರು ಒಪ್ಪಿದರೆ ಶಾಲೆ ಒಪ್ಪಿದ ಹಾಗೆ. ಅಡುಗೆಯವರನ್ನು ಸೇರಿಸಿಕೊಳ್ಳಿ. ನೋಡಿ ಹೇಳಲು ಮೂರನೆಯವರು ಬೇಕೆನಿಸಿದರೆ ಪಕ್ಕದ ಊರಿನ ಶಾಲೆಯವರೊಂದಿಗೆ ತಿಂಗಳಿಗೊಮ್ಮೆ ಹೋಗಿಬಂದು ಮಾಡಿ.

ಪೋಷಕರೇ ‘ನಾಲ್ಕು ಬಾರಿಸಿ ಮೇಷ್ಟ್ರೇ’ ಅನ್ನುತ್ತಾರೆ. ಏನು ಹೇಳಲಿ?

ಅವರು ಹಾಗೆ ಹೇಳುವುದು ಮಗ ಕೈತಪ್ಪಿ ಹೋದಾನೆಂಬ ಭಯದಿಂದ. ಮೊದಲು ಆ ಭಯಕ್ಕೆ ಉತ್ತರ ಕೊಡಿ. ಮಗುವಿನ ಬಗ್ಗೆ ಒಂದು ಒಳ್ಳೆಯ ಸುದ್ದಿ ಹೇಳಿ, ಆಮೇಲೆ ಶಾಲೆಯಲ್ಲಿ ಏನು ಮಾಡುತ್ತಿದ್ದೀರಿ ಅಂತ ಹೇಳಿ. ಶಾಲೆಯಿಂದ ಫೋನ್ ಬಂದರೆ ದೂರೇ ಇರುತ್ತದೆ ಅಂತ ಎಷ್ಟೋ ತಾಯಂದಿರು ಫೋನ್ ಎತ್ತುವುದೇ ಇಲ್ಲ. ವಾರಕ್ಕೆ ಇಬ್ಬರು ಮಕ್ಕಳ ಮನೆಗೆ ಬರೀ ಒಳ್ಳೆಯದನ್ನು ಹೇಳಲು ಫೋನ್ ಮಾಡಿ ನೋಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮೂರು ನಿಯಮ ಓದಿ ಹೇಳಿ.

ಮಾತಾಡುವಾಗ ಮಗು ದೌರ್ಜನ್ಯದ ವಿಷಯ ಹೇಳಿದರೆ?

ನಡವಳಿಕೆ ಇದ್ದಕ್ಕಿದ್ದ ಹಾಗೆ ಬದಲಾದ ಮಗುವಿನ ಹಿಂದೆ ಇಂಥದ್ದೊಂದು ಇರಬಹುದು ಅಂತ ಪ್ರತಿಯೊಬ್ಬ ಸಿಬ್ಬಂದಿಗೂ ಗೊತ್ತಿರಬೇಕು. ಮಗು ಹೇಳಿದ್ದನ್ನು ನಂಬಿ, ಮತ್ತೆ ಮತ್ತೆ ಕೆದಕಿ ಕೇಳಬೇಡಿ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು ಅಪರಾಧ. ಶಾಲೆಯ ಹೆಸರು ಕೆಡುತ್ತದೆ ಅಂತ ಯಾರಾದರೂ ತಡೆದರೆ ಕೇಳಬೇಡಿ. ಮಕ್ಕಳ ಸಹಾಯವಾಣಿ 1098. ಮಾನಸಿಕ ನೆರವಿಗೆ ಟೆಲಿ ಮಾನಸ್ 14416. ಎರಡೂ ಸಂಖ್ಯೆ ಮಕ್ಕಳ ಕಣ್ಣಿಗೆ ಬೀಳುವ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರಲಿ.

ಬದಲಾವಣೆ ಕಾಣಲು ಎಷ್ಟು ದಿನ ಬೇಕು?

ಜಗಲಿ, ಊಟದ ಸಾಲು ಒಂದು ತಿಂಗಳಲ್ಲಿ ಸುಧಾರಿಸುತ್ತವೆ. ತರಗತಿಗಳಿಗೆ ಒಂದು ಶೈಕ್ಷಣಿಕ ಅವಧಿ (ಟರ್ಮ್) ಕೊಡಿ. ಶಾಲೆಯ ರೂಢಿಯೇ ಬದಲಾಗಲು ಎರಡು ಮೂರು ವರ್ಷ ಬೇಕು. ದಸರಾ ರಜೆ ಮುಗಿಸಿ ಬಂದ ಮೊದಲ ವಾರ ಎಲ್ಲ ಹಾಳಾದಂತೆ ಕಾಣುತ್ತದೆ. ಗಾಬರಿಯಾಗಬೇಡಿ. ಆ ಸೋಮವಾರ ಪಾಠಕ್ಕೆ ಮುಂಚೆ ಅರ್ಧ ಗಂಟೆ ಮಕ್ಕಳನ್ನು ಕರೆದುಕೊಂಡು ಹೋಗಿ ನಲ್ಲಿಯ ಹತ್ತಿರ ಸಾಲು ನಿಲ್ಲಿಸಿ, ಜೂನ್‌ನಲ್ಲಿ ತೋರಿಸಿದ್ದನ್ನು ಮತ್ತೊಮ್ಮೆ ತೋರಿಸಿ. ಅಡುಗೆಯ ಅಕ್ಕನೂ ಜೊತೆಗಿರಲಿ.